ಟೈಲರಮ್ಮನ ಕನ್ನಡ ಪೇಪರು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಹಲಸೂರಿನ ಒಂದು ಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ, ಒತ್ತಕ್ಷರ ಎಲ್ಲಿ, ದೀರ್ಘ ಎಲ್ಲಿ ಎಂದು ಕಿರುಚಿ ಕಿರುಚಿ ಅದು ಅಲ್ಲೇ ಬೀಡುಬಿಟ್ಟಿದೆ. ನಿವೃತ್ತಿಯಾದ ಮೇಲೂ ಯಾರಾದರೂ “ಟೀಚರ್” ಎಂದು ಕೂಗಿದರೆ ಸಾಕು, ಸಂತೆಯಲ್ಲಿದ್ದರೂ “ಏನು?” ಎಂದು ತಿರುಗುತ್ತೇನೆ. ಎಷ್ಟೋ ಸಲ ಅವರು ಕೂಗಿದ್ದು ಬೇರೆ ಯಾರನ್ನೋ ಆಗಿರುತ್ತದೆ.

ಮನೆಯಲ್ಲಿ ಸುಮ್ಮನೆ ಕೂರುವುದು ನನ್ನ ಜಾತಕದಲ್ಲಿಲ್ಲ. ಹತ್ತನೇ ತರಗತಿ ಮುಗಿಸದೆ ಉಳಿದ ಹೆಂಗಸರಿಗೆ ಭಾನುವಾರ ಬೆಳಿಗ್ಗೆ ನಮ್ಮ ಮುಂದಿನ ಕೋಣೆಯಲ್ಲೇ ಪಾಠ ಶುರುಮಾಡಿದೆ. ಬಂದವರು ಐದು ಜನ. ಅವರಲ್ಲಿ ಒಬ್ಬರು ಮರ್ಫಿ ಟೌನಿನಲ್ಲಿ ಬ್ಲೌಸ್ ಹೊಲಿಯುವವರು, ವಯಸ್ಸು ನಲವತ್ತರ ಹತ್ತಿರ. ಮನೆಮಾತು ತಮಿಳು. ಶಿವಾಜಿನಗರದ ಗಿರಾಕಿಗಳ ಜೊತೆ ದಖನಿ ಉರ್ದು, ಕುಕ್ ಟೌನಿನವರ ಜೊತೆ ಇಂಗ್ಲಿಷು, ನನ್ನ ಜೊತೆ ಪಟಪಟ ಕನ್ನಡ. ಬೀದಿಯೆಲ್ಲ ಅವರನ್ನು ಟೈಲರಮ್ಮ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ.

ಮಿಕ್ಕ ಎಲ್ಲ ವಿಷಯ ಪಾಸು, ಕನ್ನಡ ಒಂದೇ ಎರಡು ಸಲ ಫೇಲು. ಇಂದಿರಾನಗರದ ಕಡೆ ಒಂದು ಹೊಲಿಗೆ ತರಬೇತಿ ಕೇಂದ್ರದಲ್ಲಿ ಕಲಿಸುವವರು ಬೇಕಾಗಿದ್ದರಂತೆ. ಅಲ್ಲಿನ ದೊಡ್ಡ ಮೇಡಂ ಇವರ ಕೈಕೆಲಸ ನೋಡಿ ಮೆಚ್ಚಿ, ಹತ್ತನೇ ತರಗತಿಯ ಅಂಕಪಟ್ಟಿ ತಂದರೆ ಕೆಲಸ ನಿಮಗೇ, ಈ ಪರೀಕ್ಷೆಯ ರಿಸಲ್ಟ್ ಬರುವವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರನ್ನು ನೋಡುತ್ತೇನೆ ಎಂದಿದ್ದರು.

“ಸಂಬಳಕ್ಕಲ್ಲ ಮೇಡಂ,” ಎಂದರು ಟೈಲರಮ್ಮ ಮೊದಲ ದಿನವೇ. “ಇಷ್ಟ್ ವರ್ಷ ಎಲ್ರೂ ಟೈಲರಮ್ಮಾ, ಬೇಗ ಕೊಡು ಅಂತಾರೆ. ಒಂದ್ಸಲ ಯಾರಾದ್ರೂ ಟೀಚರ್ ಅಂತ ಕರೀಬೇಕು ನನ್ನ.”

ಪಾಠದಲ್ಲಿ ಅವರು ಚುರುಕೋ ಚುರುಕು. ಲಘು ಗುರು ಹೇಳಿಕೊಟ್ಟಾಗ ಉಳಿದವರು ಬೆರಳು ಮಡಿಸಿ ಎಣಿಸಿದರೆ, ಇವರು ಮೇಜಿನ ಕೆಳಗೆ ಕಾಲಲ್ಲೇ ಪೆಡಲ್ ತುಳಿಯುತ್ತ ಎಣಿಸುತ್ತಿದ್ದರು. ಲಘುವಿಗೆ ಒಂದು ತುಳಿತ, ಗುರುವಿಗೆ ಎರಡು. ಒಂದು ಮಾತ್ರೆಯೂ ತಪ್ಪುತ್ತಿರಲಿಲ್ಲ. ಸಂಧಿ ಶುರುವಾದ ದಿನವಂತೂ ನಾನು ಸೀಮೆಸುಣ್ಣ ಹಿಡಿದುಕೊಂಡೇ ನಕ್ಕುಬಿಟ್ಟೆ.

“ಊರು, ಅಲ್ಲಿ. ಸೇರಿದ್ರೆ ಊರಲ್ಲಿ. ಊರು ಅನ್ನೋದ್ರ ಕೊನೇ ಉಕಾರ ಎಲ್ಲಿ ಹೋಯ್ತು ಹೇಳಿ?”

“ಮಾರ್ಜಿನ್ ಒಳಗೆ ಹೋಯ್ತು ಮೇಡಂ. ಎರಡು ಬಟ್ಟೆ ಸೇರ್ಸಿ ಹೊಲಿದ್ರೆ ಸ್ವಲ್ಪ ಒಳಗೆ ಹೋಗ್ಲೇಬೇಕಲ್ಲ.”

“ಸರಿ. ಮನೆ, ಅನ್ನು. ಮನೆಯನ್ನು. ಈ ಯಕಾರ ಎಲ್ಲಿಂದ ಬಂತು?”

“ಬಟ್ಟೆ ಸಾಲ್ಲಿಲ್ಲ, ಮಧ್ಯೆ ಪೀಸ್ ಕೊಟ್ಟಿದಾರೆ.”

ಮೂವತ್ತು ವರ್ಷ ಲೋಪಸಂಧಿ, ಆಗಮಸಂಧಿ ಎಂದು ಗಂಟಲು ಹರಿದುಕೊಂಡ ನನಗೆ ಇದು ಹೊಳೆದಿರಲಿಲ್ಲ. ಹೊಟ್ಟೆಕಿಚ್ಚೇ ಆಯಿತು ಎನ್ನಿ. ಇಂಥವರು ಎರಡು ಸಲ ಫೇಲಾಗಿದ್ದು ಹೇಗೆ ಎಂಬುದು ಮಾತ್ರ ಅರ್ಥವಾಗಲಿಲ್ಲ.

ಮನೆಪಾಠ ಬರೆದು ತಂದರೆ ನಾನು ಕೆಂಪು ಪೆನ್ನು ಹಿಡಿದು ಕೂರುತ್ತಿದ್ದೆ. ‘ಭ’ ಇರಬೇಕಾದಲ್ಲಿ ‘ಬ’ ಇದ್ದರೆ ಒಂದು ಸುತ್ತು, ಒತ್ತು ಬಿಟ್ಟುಹೋಗಿದ್ದರೆ ಇನ್ನೊಂದು ಸುತ್ತು. ಮುಂದಿನ ಭಾನುವಾರ ಟೈಲರಮ್ಮ ಅದೇ ಪುಟವನ್ನು ಮುತ್ತು ಪೋಣಿಸಿದ ಹಾಗೆ ಮತ್ತೆ ಬರೆದು ತರುತ್ತಿದ್ದರು. ಭೇಷ್ ಎನ್ನುತ್ತಿದ್ದೆ. ಅವರು ಎರಡನೇ ಪುಟ ತರುತ್ತಲೇ ಇಲ್ಲ ಎಂಬುದು ಎರಡು ತಿಂಗಳಾದರೂ ನನ್ನ ತಲೆಗೆ ಹೊಳೆಯಲಿಲ್ಲ.

ಪರೀಕ್ಷೆಗೆ ಮೂರು ವಾರ ಇರುವಾಗ ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು, ಗಡಿಯಾರ ಎದುರಿಗಿಟ್ಟು, ಮೂರು ಗಂಟೆ ಬರೆಸಿದೆ. ಟೈಲರಮ್ಮ ಕೊಟ್ಟಿದ್ದು ಒಂದೂವರೆ ಪುಟ. ಒಂದು ತಪ್ಪಿಲ್ಲ. ಪಕ್ಕದಲ್ಲಿ ರಬ್ಬರಿನ ಪುಡಿ ಗುಡ್ಡೆ ಬಿದ್ದಿತ್ತು.

“ಏನ್ರೀ ಇದು!” ನನಗೆ ಸಿಟ್ಟು ನೆತ್ತಿಗೇರಿತು. “ಪೆನ್ಸಿಲ್ಲಲ್ಲಿ ಬರೆದು, ಅಳಿಸಿ, ಮತ್ತೆ ಬರೆದು... ಮಿಕ್ಕಿದ್ದು ಯಾರು ಬರೀತಾರೆ, ನಿಮ್ಮ ಮಷಿನ್ನಾ?”

“ತಪ್ಪಾದ್ರೆ ಬಿಚ್ಚಿ ಹೊಲೀಬೇಕಲ್ವಾ ಮೇಡಂ,” ಎಂದರು. “ಸೊಟ್ಟ ಹೊಲಿಗೆ ಬಿಟ್ಟು ಮುಂದಕ್ಕೆ ಹೋಗೋಕೆ ನನ್ ಕೈಗೆ ಬರಲ್ಲ. ಹೋದ್ಸಲಾನೂ ಹಂಗೇ ಆಯ್ತು. ಬೆಲ್ ಹೊಡೆದಾಗ ಎರಡನೇ ಪೇಜಲ್ಲಿದ್ದೆ. ನೀವೂ ಕೆಂಪು ಸುತ್ತು ಹಾಕಿ ಹಾಕಿ...” ಎಂದರು. ಕಣ್ಣು ತುಂಬಿತ್ತು. ಚೀಲ ತೆಗೆದುಕೊಂಡು ಹೊರಟೇಬಿಟ್ಟರು.

ನನಗೆ ಆ ಮಧ್ಯಾಹ್ನ ಊಟ ಸೇರಲಿಲ್ಲ. ರೋಗ ಅವರದಾದರೂ ಎರಡು ತಿಂಗಳು ಅದಕ್ಕೆ ಹಾಲೆರೆದು ಸಾಕಿದವಳು ನಾನೇ. ಕ್ಷಮಿಸಿ ಎನ್ನುವುದು ನನ್ನ ಬಾಯಿಗೆ ಅಷ್ಟು ಸುಲಭವಾಗಿ ಬರುವ ಮಾತಲ್ಲ. ಹಾಗಾಗಿ ಮರುದಿನ ಬೆಳಿಗ್ಗೆ ಒಂದು ಬ್ಲೌಸ್ ಪೀಸ್ ಹಿಡಿದುಕೊಂಡು, ಹೊಲಿಸುವ ನೆಪದಲ್ಲಿ ಅವರ ಅಂಗಡಿಗೆ ಹೋದೆ.

ಅವರು ಸಪ್ಪಗೆ “ಬನ್ನಿ ಮೇಡಂ” ಎಂದು ಸ್ಟೂಲು ತೋರಿಸಿ ಕೆಲಸ ಮುಂದುವರಿಸಿದರು. ಯಾರದೋ ರೇಷ್ಮೆ ಬ್ಲೌಸು. ಬಿಳಿ ದಾರದಲ್ಲಿ ಉದ್ದುದ್ದ ಕೈಹೊಲಿಗೆ ಹಾಕುತ್ತಿದ್ದರು. ಅಲ್ಲೊಂದು ಇಲ್ಲೊಂದು, ಅಂಕುಡೊಂಕು. ನನ್ನ ಬಾಯಿ ಸುಮ್ಮನಿದ್ದರೆ ತಾನೇ?

“ಇದೇನ್ರೀ, ಇಷ್ಟು ಸೊಟ್ಟ?”

“ಇದು ಕಚ್ಚಾ ಮೇಡಂ. ಮೊದ್ಲು ಪೂರ್ತಿ ಬ್ಲೌಸಿಗೆ ಕಚ್ಚಾ ಹಾಕ್ಬಿಡೋದು. ತೋಳು, ಕುತ್ತಿಗೆ, ಎಲ್ಲಾ ನಿಂತ್ಮೇಲೆ ಮಷಿನ್ನಲ್ಲಿ ಗಟ್ಟಿ ಹೊಲಿಗೆ.”

“ಕಚ್ಚಾ ಸೊಟ್ಟಗಿದ್ರೆ ಬಿಚ್ಚಲ್ವಾ?”

“ಅದನ್ನ ಯಾರು ಬಿಚ್ತಾರೆ? ಸೊಟ್ಟ ಇದ್ರೆ ಇರ್ಲಿ ಬಿಡಿ.”

“ಹಾಗಾದ್ರೆ ಪರೀಕ್ಷೆಗೂ ಮೊದ್ಲು ಕಚ್ಚಾ ಹಾಕ್ರೀ ತಾಯಿ! ಪೂರ್ತಿ ಪೇಪರಿಗೆ!”

ಸೂಜಿ ಅರ್ಧದಲ್ಲೇ ನಿಂತಿತು. ನನ್ನ ಮುಖ ನೋಡಿದರು, ಕೈಯಲ್ಲಿದ್ದ ಬ್ಲೌಸು ನೋಡಿದರು, ಆಮೇಲೆ ಇಡೀ ಬೀದಿಗೆ ಕೇಳುವ ಹಾಗೆ ನಕ್ಕರು. “ಅಯ್ಯೋ ದೇವ್ರೇ, ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ?”

“ನನಗೇ ಈಗ ಗೊತ್ತಾಯ್ತು. ತಪ್ಪು ನಂದೂ ಇದೆ,” ಎಂದೆ. ಅಷ್ಟು ಹೇಳುವುದಕ್ಕೇ ಬೆವರಿತು.

ಮನೆಗೆ ಬಂದು ಕೆಂಪು ಪೆನ್ನನ್ನು ಅಡುಗೆಮನೆಯ ಸಾಸಿವೆ ಡಬ್ಬಿಯ ಹಿಂದೆ ಇಟ್ಟೆ. ಆ ಮೂರು ವಾರ ನಾನು ಪಟ್ಟ ಪಾಡು ನನಗೇ ಗೊತ್ತು. ರಬ್ಬರು, ಪೆನ್ಸಿಲ್ಲು ನಿಷೇಧ, ಬರೀ ಪೆನ್ನು. ಟೈಲರಮ್ಮ ನನ್ನೆದುರೇ ‘ವಿದ್ಯಾರ್ಥಿ’ಯನ್ನು ‘ವಿದ್ಯಾರ್ತಿ’ ಮಾಡಿ ಮುಂದಕ್ಕೆ ಹೋಗುತ್ತಿದ್ದರು. ನನ್ನ ಕೈ ತುರಿಸುತ್ತಿತ್ತು. ತಡೆಯಲಾಗದೆ ಎದ್ದು ಹೋಗಿ ಎಲ್ಲರಿಗೂ ಕಾಫಿ ಮಾಡಿಕೊಂಡು ಬರುತ್ತಿದ್ದೆ. ಒಂದು ಭಾನುವಾರ ನಾಲ್ಕು ಸಲ ಕಾಫಿಯಾಯಿತು.

ಪರೀಕ್ಷಾ ಕೇಂದ್ರ ಬಿದ್ದದ್ದು ಕೆ.ಆರ್. ಪುರದಲ್ಲಿ. ನಾನೂ ಜೊತೆಗೆ ಮೆಟ್ರೋ ಹತ್ತಿದೆ.

“ಸಪ್ತಮೀ ವಿಭಕ್ತಿ ಪ್ರತ್ಯಯ ಹೇಳಿ ನೋಡೋಣ.”

“ಅಲ್ಲಿ. ಈಗ ಸುಮ್ನೆ ಕೂತ್ಕೊಳ್ಳಿ ಮೇಡಂ, ನನಗಿಂತ ನೀವೇ ಜಾಸ್ತಿ ನಡುಗ್ತಿದ್ದೀರ.”

ನಿಜವೇ. ಗೇಟಿನ ಹೊರಗೆ ಮೂರು ಗಂಟೆ ನಿಂತು ಎರಡು ಪೊಟ್ಟಣ ಕಡಲೆಕಾಯಿ ಮುಗಿಸಿದೆ. ಬೆಲ್ ಹೊಡೆದ ಮೇಲೆ ಅವರು ಬೆರಳು ಮುರಿದುಕೊಳ್ಳುತ್ತ ಹೊರಗೆ ಬಂದರು.

“ಕೊನೇ ಪ್ರಶ್ನೆ ಮುಟ್ಟಿದೆ ಮೇಡಂ! ಮೂರ್ನಾಲ್ಕು ತಪ್ಪು ಅಂತ ಗೊತ್ತಿದ್ದೂ ಹಾಗೇ ಬಿಟ್ಟು ಬಂದೆ.”

“ಯಾವ್ಯಾವ್ದು?” ಎಂದು ಮೆಟ್ರೋವರೆಗೂ ಕೇಳುತ್ತಲೇ ಬಂದೆ.

“ಹೇಳಲ್ಲ,” ಎಂದು ಮೆಟ್ಟಿಲು ಹತ್ತಿ ಸ್ಟೇಷನ್ನಿನೊಳಗೆ ಹೋದರು.

ಪಾಸಾದರು. ಫೋನಿನಲ್ಲಿ ಸುದ್ದಿ ಹೇಳುವಾಗ ಅವರು ಅತ್ತರು, ನಾನು ಸಂತೋಷಕ್ಕೆ ಬೈದೆ. ನನಗೆ ಬರುವುದು ಅದೊಂದೇ.

ಒಂದು ತಿಂಗಳಾದ ಮೇಲೆ ಹೊಸ ಕೆಲಸ ಹೇಗಿದೆ ನೋಡಿ ಬರೋಣ ಎಂದು ಆ ಹೊಲಿಗೆ ಕೇಂದ್ರಕ್ಕೆ ಹೋದೆ. ಸಾಲಾಗಿ ಹತ್ತು ಹನ್ನೆರಡು ಮಷಿನ್ನುಗಳು, ಒಂದೊಂದರ ಮುಂದೆ ಒಬ್ಬೊಬ್ಬ ಹುಡುಗಿ. ಟೈಲರಮ್ಮ ಕೊರಳಿಗೆ ಅಳತೆಯ ಟೇಪು ಹಾಕಿಕೊಂಡು ಆ ತುದಿಯಲ್ಲಿ ನಿಂತಿದ್ದರು. ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಒಂದು ಹುಡುಗಿ ತಲೆಯೆತ್ತದೆ ಜೋರಾಗಿ ಕೂಗಿದಳು.

“ಟೀಚರ್!”

“ಏನು?” ಎಂದೆ ನಾನು.

ಮಷಿನ್ನುಗಳೆಲ್ಲ ನಿಂತವು. ಹುಡುಗಿಯರು ತಿರುಗಿ ನನ್ನನ್ನೇ ನೋಡಿದರು. ಟೈಲರಮ್ಮ ಟೇಪು ಸರಿಮಾಡಿಕೊಂಡು, ನಗು ತಡೆಯಲಾಗದೆ ಹೇಳಿದರು.

“ನಿಮ್ಮನ್ನಲ್ಲ ಮೇಡಂ. ನನ್ನನ್ನ.”