ಬ್ಯಾಡಗಿಯ ಮಾನಿಟರಿಗೆ ಏರಿಸಿದ ಮಾಲೆ

೨೦೦೬ರಲ್ಲಿ ನಾನು ರಾಣೆಬೆನ್ನೂರಿನಲ್ಲಿ ಒಂದೇ ಕೋಣೆಯ ಆಫೀಸು ಇಟ್ಟುಕೊಂಡು ಸಾಫ್ಟ್‌ವೇರ್ ಬರೆದುಕೊಡುತ್ತಿದ್ದೆ. ಪೈಥಾನ್ ಭಾಷೆ, ಪರದೆಯ ಮೇಲೆ ಕಿಟಕಿ-ಬಟನ್ನು ಮೂಡಿಸುವ ಜಿಟಿಕೆ ಎಂಬ ಓಪನ್ ಸೋರ್ಸ್ ಸಾಧನಗಳೇ ನನ್ನ ಬಂಡವಾಳ. ಪುಕ್ಕಟೆ ಸಿಗುತ್ತಿದ್ದವು ನಿಜ, ಆದರೆ ಒಳಗೆ ಕೈಹಾಕಿ ಬೇಕಾದಂತೆ ತಿದ್ದಿಕೊಳ್ಳಬಹುದಾದ ಸ್ವಾತಂತ್ರ್ಯಕ್ಕೆ ನಾನು ಮನಸೋತಿದ್ದೆ.

ಆ ವರ್ಷ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿಗೆ ಡೆಸ್ಕ್‌ಟಾಪ್ ವಿಜೆಟ್ ಮಾಡಿಕೊಟ್ಟೆ. ವಿಜೆಟ್ ಎಂದರೆ ಪರದೆಯ ಮೂಲೆಯಲ್ಲಿ ಸದಾ ತೆರೆದಿರುವ ಪುಟ್ಟ ಕಿಟಕಿ. ಮೆಣಸಿನಕಾಯಿ ಚೀಲಗಳಿದ್ದ ಕೋಣೆಯ ಉಷ್ಣತೆಯನ್ನು, ಅಲ್ಲಿಟ್ಟಿದ್ದ ಸೆನ್ಸರ್ ಅಳೆದಂತೆ, ಅದು ತೋರಿಸುತ್ತಿತ್ತು. ಎಂಟು ಡಿಗ್ರಿ ದಾಟಿದರೆ ಮಿನುಗುತ್ತಿತ್ತು. ತಂಪು ಕೆಟ್ಟರೆ ಕಾಯಿ ಬೆವರಿ ಬಣ್ಣಗೆಡುತ್ತದೆ. ಬಣ್ಣಗೆಟ್ಟ ಕಾಯಿಯನ್ನು ಬ್ಯಾಡಗಿಯಲ್ಲಿ ಯಾರೂ ಮೂಸಿ ನೋಡುವುದಿಲ್ಲ.

ಒಂದು ಶುಕ್ರವಾರ ಕೋಣೆ ತಂಪು ಮಾಡುವ ಕಂಪ್ರೆಸರ್ ನಿಂತುಹೋಯಿತು. ವಿಜೆಟ್ ಯಾರನ್ನೂ ಎಚ್ಚರಿಸಲಿಲ್ಲ. ಯಾರಿಗೋ ಕಾಯಿ ತೋರಿಸಲು ಬಾಗಿಲು ತೆರೆದಾಗ ಸೆಕೆ ತಟ್ಟಿದ್ದರಿಂದ ದಾಸ್ತಾನು ಹೇಗೋ ಉಳಿಯಿತು. ಮರುದಿನ ಮಾಲೀಕ ವೀರಭದ್ರಪ್ಪನವರು ನನ್ನನ್ನು ಕರೆಸಿದರು.

“ಮಂದಿ ನಂಬಿ ಕಾಯಿ ಇಟ್ಟಾರ. ಬಣ್ಣ ಹೋದ್ರ ಅವರಿಗೆ ಯಾವ ಮಾರಿ ತೋರಸ್ಲಿ? ಮುಂದಿನ ಶುಕ್ರವಾರದೊಳಗ ಸರಿ ಮಾಡ್ರಿ, ಇಲ್ಲಂದ್ರ ಇದನ್ನ ತಗದ ಒಗೀರಿ.”

ಕಾರಣ ಸಿಗುವವರೆಗೆ ಏಳುವುದಿಲ್ಲವೆಂದು ಕುರ್ಚಿ ಎಳೆದುಕೊಂಡು ಕುಳಿತೆ. ಸೆನ್ಸರನ್ನು ಹೊರಗೆ ತರಿಸಿ ಬಿಸಿ ಚಹಾದ ಲೋಟಕ್ಕೆ ತಾಗಿಸಿದೆ. ಪರದೆಯಲ್ಲಿ ಎಚ್ಚರಿಕೆ ಕಾಣಲಿಲ್ಲ. ಹಟ ಬಿಡದೆ ಮತ್ತೆ ತಾಗಿಸಿದೆ. ಆಗ ಮಾನಿಟರಿನ ಮೇಲಿದ್ದ ಬಾಡಿದ ಚೆಂಡುಹೂವಿನ ಸಂದಿಯಲ್ಲಿ ಏನೋ ಮಿನುಗಿತು.

ಆಫೀಸು ನೋಡಿಕೊಳ್ಳುತ್ತಿದ್ದ ಗಿರಿಜಕ್ಕ ಪ್ರತಿ ಶುಕ್ರವಾರ ಕಂಪ್ಯೂಟರಿಗೆ ಪೂಜೆ ಮಾಡಿ ದಪ್ಪ ಮಾಲೆ ಇಳಿಬಿಡುತ್ತಿದ್ದರು. ನನ್ನ ವಿಜೆಟ್ ಕೂತಿದ್ದ ಮೇಲಿನ ಬಲಮೂಲೆ ಪೂರ್ತಿ ಅದರ ಅಡಿಗೆ ಬಂದಿತ್ತು. ಉಳಿದೆಲ್ಲ ವಿಂಡೋಗಳ ಮೇಲೆಯೇ ಅದು ಕಾಣುವಂತೆ ಬರೆದಿದ್ದೆ. ಹೂವಿನ ಮೇಲೆ ಕಾಣುವಂತೆ ಮಾಡುವ ಆಜ್ಞೆ ಯಾವ ಸಾಫ್ಟ್‌ವೇರ್ ಲೈಬ್ರರಿಯಲ್ಲೂ ಇರಲಿಲ್ಲ.

“ಮಾಲಿ ಹಾಕೂದ ಬಿಡಬೇಕೇನ್ರಿ?” ಗಿರಿಜಕ್ಕನ ಮುಖ ಸಣ್ಣದಾಗಿತ್ತು.

“ಬ್ಯಾಡ್ರಿ ಅಕ್ಕಾರ. ಮಾಲಿ ಇರ್ಲಿ, ನಾನ ಜಾಗಾ ಬದಲಿ ಮಾಡ್ತೇನಿ.”

ವಿಜೆಟನ್ನು ಪರದೆಯ ಕೆಳಗಿನ ಅಂಚಿಗೆ ತಂದೆ. ‘ನೋಡಿದೆ’ ಎಂಬ ಬಟನ್ ಇಟ್ಟೆ. ಎಚ್ಚರಿಕೆ ಬಂದಾಗ ಅದನ್ನು ಒತ್ತದಿದ್ದರೆ ವಿಜೆಟ್ ಪರದೆ ತುಂಬ ಹರಡಿ ಕೂಗಬೇಕು. ಅವರ ಹಳೆಯ ಕಂಪ್ಯೂಟರಿನಲ್ಲಿ ಅದು ಅರ್ಧಕ್ಕೇ ನಿಲ್ಲುತ್ತಿತ್ತು. ಜಿಟಿಕೆಯ ಮೂಲ ಕೋಡನ್ನೇ ತೆರೆದು, ತಪ್ಪು ಸಿಗುವವರೆಗೆ ಓದಿ ತಿದ್ದಿದೆ.

ಶುಕ್ರವಾರ ಬಂತು. ಪೂಜೆ ಮುಗಿಯಿತು, ಮಾಲೆ ಬಿತ್ತು. ವೀರಭದ್ರಪ್ಪನವರು ಯಾರಿಗೂ ಹೇಳದೆ ಸೆನ್ಸರನ್ನು ಬಿಸಿಲಿಗೆ ತಂದಿಟ್ಟಿದ್ದರು. ಬೆನ್ನು ತಿರುಗಿಸಿ ಪ್ರಸಾದ ಹಂಚುತ್ತಿದ್ದ ಗಿರಿಜಕ್ಕ ಕೂಗು ಕೇಳಿ ತಿರುಗಿದರು. ಪರದೆ ತುಂಬ ಕೆಂಪು. ತಟ್ಟೆ ಹಿಡಿದುಕೊಂಡೇ ಕಂಪ್ರೆಸರಿನತ್ತ ಓಡಿದರು.

“ಬರ್ರಿ ಅಕ್ಕಾರ, ಬಿಸಿಲಿಗೆ ಇಟ್ಟಾಂವ ನಾನ,” ಎಂದು ಮಾಲೀಕರು ನಕ್ಕರು. “ಇನ್ನ ಕಾಯಿಗೆ ಅಂಜಿಕಿಲ್ಲ.” ನನ್ನ ಎದೆ ಹಗುರವಾಯಿತು.

ಗಿರಿಜಕ್ಕ ಏದುಸಿರು ಬಿಡುತ್ತ ಬಂದು ವಿಜೆಟಿಗೆ ಕೈಮುಗಿದರು. “ಇದಕ್ಕೂ ಒಂದ ಹೂ ಏರಸ್ತೇನ್ರಿ,” ಎಂದು ನೇರ ಅದರ ಮೇಲೆಯೇ ಹೂವು ಅಂಟಿಸಲು ಹೋದರು. ನಾನು ಹಾರಿ ಅಡ್ಡ ನಿಂತೆ.

ಅಂದಿನಿಂದ ಯಾರ ಪರದೆಗೆ ಏನು ಮಾಡಿಕೊಡುವುದಿದ್ದರೂ ನನ್ನ ಮೊದಲ ಪ್ರಶ್ನೆ ಒಂದೇ: ಪೂಜೆ ಯಾವ ವಾರ, ಹೂವು ಎಲ್ಲಿಗೆ ಬರುತ್ತದೆ?