ನಾಟಕದ ಮೇಷ್ಟ್ರ ಒನ್ಸ್ ಮೋರ್

ಮೊಮ್ಮಗಳ ಶಾಲೆಯಲ್ಲಿ ಮೊನ್ನೆ ಮಕ್ಕಳಿಗೆ ಬಣ್ಣ ಹಚ್ಚುತ್ತಿದ್ದರು. ಬಿಳಿ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ವಾಸನೆ ಮೂಗಿಗೆ ಬಡಿದದ್ದೇ ತಡ, ಮಾಲೂರಿನ ನಮ್ಮ ನಾಟಕದ ಮೇಷ್ಟ್ರು ನೆನಪಾದರು. ಅಂಥವರು ನೆನಪಾದರೆ ಖುಷಿಯಾಗಬೇಕು. ನಾನು ಎದ್ದು ಹೊರಗೆ ಬಂದುಬಿಟ್ಟೆ.

ಎರಡನೇ ಮಹಾಯುದ್ಧದ ಕಾಲ. ಮೇಷ್ಟ್ರು ಹರೆಯದಲ್ಲಿ ಕಂಪನಿ ನಾಟಕದಲ್ಲಿ ಹೆಣ್ಣು ಪಾತ್ರ ಮಾಡಿದವರು. ಕೋಲಾರ, ಮುಳಬಾಗಿಲಿನ ಕಡೆ ಅವರ ಹಾಡಿಗೆ ಜನ ಹುಚ್ಚೆದ್ದು ಒನ್ಸ್ ಮೋರ್ ಕೂಗುತ್ತಿದ್ದರಂತೆ. ಕಂಪನಿಗೆ ನಿಜವಾದ ಹೆಂಗಸರು ಬಂದ ಮೇಲೆ ಇವರನ್ನು ಕೇಳುವವರಿಲ್ಲ. ನಮ್ಮೂರಿಗೆ ಬಂದು ಹೆಂಚು ಸುಡುವವರಿಗೆ, ರೇಷ್ಮೆ ಹುಳು ಸಾಕುವವರಿಗೆ ನಾಟಕ ಕಲಿಸತೊಡಗಿದರು. ಮಾತು ಕನ್ನಡ, ಪದ್ಯ ತೆಲುಗು. ನನ್ನದು ಕತ್ತೆ ಕಂಠ. ಪರದೆ ಎಳೆಯುವ ಕೆಲಸ ಕೊಟ್ಟರು.

ಬೆಂಗಳೂರಿನ ಕಾಲೇಜಿನಲ್ಲಿ ಇಂಟರ್ ಓದಿದ ಕೊಬ್ಬು ನನಗೆ. ಅಳುವವರು ಯಾರಾದರೂ ರಾಗ ಎಳೆಯುತ್ತಾರಾ ಎಂದು ಒಂದು ದಿನ ಕೇಳಿದೆ. ಮೇಷ್ಟ್ರು ಸಿಟ್ಟಾಗಲಿಲ್ಲ. "ಮಗನೇ, ಹೋಗಬೇಡ" ಎಂಬುದನ್ನು ಮೊದಲು ಬರೀ ಮಾತಿನಲ್ಲಿ ಆಡಿದರು. ಆಮೇಲೆ ಹಾರ್ಮೋನಿಯಂ ಒತ್ತಿ ಅದನ್ನೇ ಹಾಡಿದರು. ನನ್ನ ಕಣ್ಣು ತುಂಬಿ ಬಂತು.

"ಮಾತು ಸಾಲ್ದೇ ಇದ್ದಾಗ್ಲೇ ಹಾಡೋದು ನಾಯನಾ. ಸಾಲೋದಾದ್ರೆ ಪದ ಯಾಕೆ ಬೇಕು?"

ಆ ವರ್ಷದ ನಾಟಕದಲ್ಲಿ ರಾಣಿಯ ವೇಷವನ್ನು ತಾವೇ ಹಾಕಿದರು. ಕಂಠ ಒಡೆಯುತ್ತಿತ್ತು. ಇನ್ನೊಂದೇ ಒಂದು ಸಲ ಒನ್ಸ್ ಮೋರ್ ಕಿವಿಗೆ ಬಿದ್ದರೆ ಸಾಕು ಎಂದು ನನ್ನ ಹತ್ತಿರ ಹೇಳಿಕೊಂಡಿದ್ದರು. ರಾಣಿ ವಿಷ ಕುಡಿದು ಹಾಡುವ ಪದವನ್ನು ಮಾತ್ರ ಅಭ್ಯಾಸದಲ್ಲಿ ಹಾಡುತ್ತಿರಲಿಲ್ಲ. ಸಾಯುವ ಪದಕ್ಕೆ ರಂಗದ ಮೇಲೇ ರಾಗ ಕಟ್ಟಬೇಕು, ಮನೆಯಲ್ಲಿ ಹಾಡಿದರೆ ಕೇಡು ಅನ್ನುತ್ತಿದ್ದರು. ಮರೆತರೆ ಎತ್ತಿಕೊಡಲೆಂದು ನಮಗೆ ಸಾಲುಗಳನ್ನಷ್ಟೇ ಬಾಯಿಪಾಠ ಮಾಡಿಸಿದ್ದರು.

ಸೀಮೆಎಣ್ಣೆ ಸಿಗದೆ ಹಗಲಲ್ಲೇ ಆಟ. ನನ್ನ ಕಾಲೇಜಿನ ಗೆಳೆಯರು ಮುಂದಿನ ಸಾಲಿನಲ್ಲೇ ಕೂತಿದ್ದರು. ಮೇಷ್ಟ್ರು ಹಾಡಿ ಉರುಳಿದರು. ಅದೇನು ಹಾಡು... ಆಮೇಲೆ ಇಡೀ ಮೈದಾನ ಒನ್ಸ್ ಮೋರ್ ಎಂದಿತು. ಆಗಿನ ರೂಢಿಯೆಂದರೆ, ಸತ್ತವರು ಎದ್ದು ನಿಂತು ಮತ್ತೆ ಹಾಡಿ ಮತ್ತೆ ಸಾಯಬೇಕು. ಮೇಷ್ಟ್ರು ಏಳಲು ನೆಲಕ್ಕೆ ಕೈ ಊರಿದರು. ಹೆಣ ಎದ್ದರೆ ಗೆಳೆಯರು ನಗುತ್ತಾರಲ್ಲ ಎಂದು ನನಗೆ ನಾಚಿಕೆಯಾಯಿತು. ಅವರು ಏಳುವ ಮೊದಲೇ ಪರದೆ ಇಳಿಸಿಬಿಟ್ಟೆ.

ಬಣ್ಣ ಒರೆಸಿಕೊಳ್ಳುತ್ತಾ ಅವರು ಮೆಲ್ಲಗೆ ಅಂದರು:

"ಸತ್ತೋಳು ಎದ್ದು ಹಾಡಿದ್ರೆ ನಿಂಗೇನೋ ಹೋಗ್ತಿತ್ತು? ಜನ ಕೇಳಿದ್ರು ಕಣೋ."

ಆಮೇಲೆ ಅವರು ಬಣ್ಣ ಹಚ್ಚಲಿಲ್ಲ. ಶ್ರೀನಿವಾಸಪುರದ ಮಗಳ ಮನೆ ಸೇರಿದರು. ಹೋಗಿ ಕಾಲು ಹಿಡಿಯಬೇಕೆಂದುಕೊಂಡೆ. ನಾಳೆ, ನಾಡಿದ್ದು ಅನ್ನುತ್ತಲೇ ಇದ್ದೆ; ಅವರು ತೀರಿಕೊಂಡ ಸುದ್ದಿ ಬಂತು. ಥೂ, ನನ್ನ ಬುದ್ಧಿಗಿಷ್ಟು.

ಈಗಲೂ ಸಂಜೆ ಒಬ್ಬನೇ ಕೂತಾಗ ಆ ಪದ ಹೇಳಿಕೊಳ್ಳುತ್ತೇನೆ. ಸಾಲುಗಳೆಲ್ಲ ನಾಲಿಗೆಯ ಮೇಲಿವೆ. ರಾಗ ಮಾತ್ರ ಎಷ್ಟು ತಿಣುಕಿದರೂ ಹತ್ತುವುದಿಲ್ಲ... ಒಂದೇ ಸಲ ಕೇಳಿದ್ದು.