ಎಡೆಗೊಂದು ಕಡಲ ಮೀನು

ಪಾಂಡವಪುರದಲ್ಲಿ ಬಸ್ಸು ಹತ್ತಿ ಥರ್ಮೋಕೋಲ್ ಡಬ್ಬವನ್ನು ಸೀಟಿನ ಕೆಳಕ್ಕೆ ತಳ್ಳುತ್ತಿದ್ದಾಗ ಕಂಡಕ್ಟರು, "ಒಳಗೇನವ್ವಾ?" ಎಂದು ಕೇಳಿದ. "ಈಗ ಏನೂ ಇಲ್ಲ. ಬರುವಾಗ ಮೀನು ಇರುತ್ತೆ" ಎಂದೆ. ಅವನು ನನ್ನ ಮುಖ ನೋಡಿ, ಡಬ್ಬ ನೋಡಿ, ಟಿಕೆಟ್ ಕೊಟ್ಟ. ಡಬ್ಬದ ಜೊತೆಗೆ ಒಂದು ಉದ್ದನೆಯ ಚೀಲವೂ ಇತ್ತು. ಅದರಲ್ಲಿ ನನ್ನ ಗಂಡನ ಗಾಳದ ಕೋಲಿತ್ತು. ಬಿಚ್ಚಿ ತುಂಡು ಮಾಡಿ ಇಡುವಂಥ ಕೋಲು. ಗಂಡ ಬೇಸಿಗೆಯಲ್ಲೇ ತೀರಿಕೊಂಡಿದ್ದರು. ಈಗ ಪಕ್ಷದ ಹಬ್ಬ ಬಂದಿತ್ತು, ಅವರಿಗೆ ಮೊದಲ ಎಡೆ ಇಡಬೇಕಿತ್ತು, ಅದಕ್ಕೆ ಮೀನು ಹಿಡಿಯಲು ನಾನು ಕಡಲಿಗೆ ಹೊರಟಿದ್ದೆ.

ನಾನು ನಾಗಮಂಗಲ ತಾಲ್ಲೂಕಿನವಳು, ದೇವಲಾಪುರದ ಕಡೆ. ಅಲ್ಲಿ ರಾಗಿ, ಹುರುಳಿ, ಮಳೆ ಬಂದರೆ ಬಂತು. ನಾನು ಮೀನನ್ನು ಕಂಡದ್ದು ಸಂತೆಯಲ್ಲಿ, ಅದೂ ಒಣಮೀನು. ಮದುವೆಯಾಗಿ ಕ್ಯಾತನಹಳ್ಳಿಗೆ ಬಂದ ಮೇಲೆ ಎಲ್ಲಿ ನೋಡಿದರೂ ಕಬ್ಬು, ಎಲ್ಲಿ ಕಾಲಿಟ್ಟರೂ ನೀರು. ಗಂಡ ಹಾಲು ಕರೆದು ಡೈರಿಗೆ ಹಾಕಿ, ಗದ್ದೆಗೆ ನೀರು ಕಟ್ಟಿ, ಮಿಕ್ಕ ಹೊತ್ತೆಲ್ಲ ನಾಲೆ ಏರಿಯ ಮೇಲೆ ಗಾಳ ಹಾಕಿ ಕೂರುವ ಆಸಾಮಿ. ನಾನು ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಶಾಲೆಯಲ್ಲಿ ಪಾಠ ಹೇಳಿ ಸಂಜೆ ಸುಸ್ತಾಗಿ ಬಂದರೆ, ಅಡುಗೆಮನೆಯ ಬಕೆಟ್ಟಿನಲ್ಲಿ ಜಿಲೇಬಿ ಮೀನು ಪಟಪಟ ಎನ್ನುತ್ತಿರುತ್ತಿತ್ತು. ಅದನ್ನು ಕ್ಲೀನು ಮಾಡುತ್ತಿದ್ದವರು ಅತ್ತೆ. ನಾನು ಮುಟ್ಟುತ್ತಿರಲಿಲ್ಲ, ತಿನ್ನುವುದಕ್ಕೆ ಮಾತ್ರ ಮುಂದು.

ಮೊಬೈಲು ಬಂದ ಮೇಲೆ ಅವರ ಹುಚ್ಚು ನಾಲೆ ದಾಟಿ ಕಡಲಿಗೆ ಹೋಯಿತು. ಮೊಣಕಾಲುದ್ದದ ಉಪ್ಪುನೀರಿನಲ್ಲಿ ನಿಂತು, ಉದ್ದನೆಯ ದಾರವನ್ನು ಗಾಳಿಯಲ್ಲಿ ಆಡಿಸಿ ಮೀನು ಹಿಡಿಯುವವರ ವಿಡಿಯೋಗಳನ್ನು ನೋಡುತ್ತಾ ಕೂರುತ್ತಿದ್ದರು. "ಇಲ್ನೋಡ್ ಬಾ ಮೇ, ಉಳ ಇಲ್ಲ, ಏನಿಲ್ಲ. ಬರೀ ಕೋಳಿ ಪುಕ್ಕ ಕಣೇ! ಪುಕ್ಕ ತೋರ್ಸಿ ಮೀನ್ ಇಡಿತಾವ್ನೆ" ಎಂದು ಕರೆಯುತ್ತಿದ್ದರು. ಮೀನಿಗೂ ಮೋಸ ಮಾಡಬೇಕಾದರೆ ಒಂದು ಎರೆಹುಳುವಾದರೂ ಖರ್ಚು ಮಾಡಬೇಡವೇ ಎಂದು ನಾನು ರೇಗಿಸುತ್ತಿದ್ದೆ. ಆಮೇಲೆ ಆ ಕೋಲನ್ನೇ ತರಿಸಿದರು. ಕಬ್ಬು ಕಡಿದ ಗದ್ದೆಯಲ್ಲಿ ನಿಂತು ಅಭ್ಯಾಸ ಮಾಡಲು ಹೋಗಿ, ಪಕ್ಕದ ಗದ್ದೆಯವರ ಎಮ್ಮೆಯ ಬಾಲಕ್ಕೆ ಕೊಕ್ಕೆ ಸಿಕ್ಕಿಸಿ ಊರೆಲ್ಲ ನಗುವಂತೆ ಮಾಡಿದರು. ಸಾಯುವುದರೊಳಗೆ ಒಂದು ಕಡಲ ಮೀನನ್ನು ತನ್ನ ಕೈಯಾರೆ ಹಿಡಿದು ತಂದು, ಅವ್ವನ ಕೈಲಿ ಸಾರು ಮಾಡಿಸಿ ಉಣ್ಣಬೇಕು ಎನ್ನುವುದು ಅವರ ಆಸೆ. ಕರಾವಳಿಯಲ್ಲಿ ಸಣ್ಣ ದೋಣಿಯಲ್ಲಿ ಕರೆದುಕೊಂಡು ಹೋಗಿ ಇದನ್ನೆಲ್ಲ ಮಾಡಿಸುವ ಒಬ್ಬ ಗೈಡನ್ನು ಹುಡುಕಿ, ಮಳೆ ಮುಗಿದ ಮೇಲೆ ಬರುತ್ತೇನೆಂದು ಬುಕ್ ಮಾಡಿದ್ದರು. ಮಳೆ ಶುರುವಾಗುವ ಮೊದಲೇ ಅವರು ಹೋದರು.

ನಾನು ಅಳಲಿಲ್ಲ. ಅದನ್ನು ಗಟ್ಟಿತನ ಎಂದು ಯಾರೂ ತಿಳಿಯಬೇಡಿ. ಅಳು ಬರಲಿಲ್ಲ, ಅಷ್ಟೇ. ಶ್ರೀರಂಗಪಟ್ಟಣದಲ್ಲಿ ಹೊಳೆಗೆ ಬೂದಿ ಬಿಟ್ಟಾಗ ನಾನು ಯೋಚಿಸುತ್ತಿದ್ದದ್ದು ಚಪ್ಪಲಿಯನ್ನು ಯಾವ ಮೆಟ್ಟಿಲ ಮೇಲೆ ಬಿಟ್ಟೆ ಎಂದು. ಊಟ ಮಾಡುತ್ತಿದ್ದೆ, ಶಾಲೆಗೆ ಹೋಗುತ್ತಿದ್ದೆ, ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದೆ. ಅನ್ನಕ್ಕೆ ಉಪ್ಪಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. "ಓದ್ದೋರ್ ಎದೆ ಕಲ್ಲು ಕಣವ್ವ" ಎಂದು ಬೀದಿಯ ಹೆಂಗಸರು ನನಗೆ ಕೇಳಿಸುವಂತೆಯೇ ಆಡಿಕೊಂಡರು. ಅವರ ಮೇಲೆ ಸಿಟ್ಟು ಕೂಡ ಬರಲಿಲ್ಲ. ಸಿಟ್ಟಿಗೆ ಹೆಸರುವಾಸಿಯಾದ ನನಗೆ ಅದೇ ಸೋಜಿಗ.

ಮಳೆ ಹಿಂದಾಗುವ ಹೊತ್ತಿಗೆ ಗೈಡು ಫೋನ್ ಮಾಡಿ, "ಸಾರ್ ಬರ್ತಾರಲ್ಲ?" ಎಂದು ಕೇಳಿದ. "ಸಾರ್ ಬರಲ್ಲ" ಎಂದೆ. ಇನ್ನೇನು ಫೋನ್ ಇಡಬೇಕು, ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆ ಯಾರೆಂದು ಕೇಳಿದರು. ಹೇಳಿದೆ.

"ನೀನೇ ಓಗಿ ಇಡ್ಕಂಡ್ ಬಾ" ಎಂದರು, ಅಂಗಡಿಯಿಂದ ಬೆಲ್ಲ ತಾ ಎನ್ನುವ ಹಾಗೆ.

"ನನಗೆ ನೀರಿಗೆ ಇಳಿಯೋಕೇ ಬರಲ್ಲ ಅತ್ತೆ."

"ನೋಡವ್ವ, ಪಕ್ಸುದ್ ದಿನ ಎಡೆ ಇಕ್ತೀವಿ. ಬಾಡು, ವಡೆ, ಕಜ್ಜಾಯ ಎಲ್ಲಾ ಇಕ್ತೀನಿ. ಅವ್ನು ಆಸೆ ಪಟ್ಟಿದ್ದು ಒಂದ್ ಮೀನು. ಅದಿಲ್ದಿದ್ರೆ ಬಂದು ಎಲೆ ನೋಡ್ಬುಟ್ಟು ಅಂಗೇ ವಾಪಸ್ ಓಯ್ತಾನೆ. ನನ್ ಮಗ ಅಸ್ಕೊಂಡ್ ಓಗ್ಬಾರ್ದು."

ನಮ್ಮ ಕಡೆ ಹಾಗೆ. ತೀರಿಕೊಂಡವರಿಗೆ ಬದುಕಿದ್ದಾಗ ಏನು ಇಷ್ಟವೋ ಅದು ಎಲೆಯ ಮೇಲೆ ಬರಲೇಬೇಕು. ಬೀಡಿ ಸೇದುವವರಿಗೆ ಬೀಡಿ, ಕುಡಿಯುವವರಿಗೆ ಕ್ವಾರ್ಟರು. ನಾನು ಇದನ್ನೆಲ್ಲ ನಂಬುವವಳಲ್ಲ. ಆದರೆ ವಾದ ಮಾಡುವ ಶಕ್ತಿ ಇರಲಿಲ್ಲ, ಹೋಗುವುದೇ ಸುಲಭ ಎನಿಸಿತು. ಅತ್ತೆ ಡಬ್ಬದ ಒಳಗೆ ಒಂದು ಪೊಟ್ಟಣ ಅರಿಶಿನ, ಒಂದು ಪೊಟ್ಟಣ ಕಲ್ಲುಪ್ಪು ಇಟ್ಟು ಕಳಿಸಿದರು.

ಮರುದಿನ ಬೆಳಿಗ್ಗೆ ಅಳಿವೆಯ ದಡದಲ್ಲಿ ಗೈಡು ಕಾಯುತ್ತಿದ್ದ. ಹೊಳೆ ಬಂದು ಕಡಲಿಗೆ ಸೇರುವ ಅಗಲವಾದ ಜಾಗ ಅದು. ಅವನಿಗೆ ಮೂವತ್ತು ದಾಟಿರಬಹುದು. ಕಪ್ಪು ಕನ್ನಡಕ, ಕತ್ತಿನ ತನಕ ಮುಚ್ಚಿದ ಅಂಗಿ. ಡಬ್ಬ ನೋಡಿ, "ಇದರಲ್ಲಿ ಎಂತ ಮೇಡಂ, ಊಟವಾ?" ಎಂದ.

"ಮೀನು ಹಾಕಿಕೊಂಡು ಹೋಗೋದಕ್ಕೆ."

ಅವನು ಕನ್ನಡಕ ತೆಗೆದ. "ಇಲ್ಲಿ ಹಿಡಿದ ಮೀನು ವಾಪಸ್ ಬಿಡಬೇಕು ಮಾರಾಯ್ರೆ. ಬುಕ್ ಮಾಡುವಾಗಲೇ ಸಾರ್‌ಗೆ ಹೇಳಿದ್ದೇನೆ."

ಅವರಿಗೆ ಹೇಳಿರಬಹುದು. ಅವರು 'ಹೂಂ' ಎಂದಿರಬಹುದು. ಬಿಡುತ್ತಿದ್ದರು ಎಂದು ಮಾತ್ರ ನಾನು ನಂಬಲಾರೆ. ನಮ್ಮೂರಲ್ಲಿ ಹಿಡಿದ ಮೀನನ್ನು ನಾಲೆಗೆ ಬಿಟ್ಟು ಬರಿಗೈಲಿ ಬಂದವನನ್ನು ನಿಮ್ಹಾನ್ಸಿಗೆ ಸೇರಿಸುವ ಮಾತಾಡುತ್ತಾರೆ. "ಬಿಡೋದಾದ್ರೆ ಹಿಡಿಯೋದು ಯಾಕೆ? ಅದರ ಪಾಡಿಗೆ ಅದು ಇರುತ್ತಲ್ಲ" ಎಂದು ಕೇಳಿದೆ. ಅವನು ನಕ್ಕ. ನಾನು ನಗಲಿಲ್ಲ. ಮೊದಲು ಸಿಗಲಿ, ಆಮೇಲೆ ನೋಡಿಕೊಳ್ಳೋಣ ಎಂದು ಡಬ್ಬವನ್ನೂ ದೋಣಿಗೆ ಹಾಕಿಸಿದೆ.

ದೋಣಿ ಎಂದರೆ ಪ್ಲಾಸ್ಟಿಕ್ಕಿನದು, ಹಳದಿ ಬಣ್ಣ, ಇಬ್ಬರು ಕಾಲು ಚಾಚಿ ಕೂರುವಷ್ಟು. ಕಯಾಕು ಎನ್ನುತ್ತಾರೆ. ನಾನು ಮುಂದೆ, ಅವನು ಹಿಂದೆ ಹುಟ್ಟು ಹಾಕುತ್ತಾ. ಚೂಡಿದಾರದ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು ಬಿಗಿದಿದ್ದ. ಸುತ್ತ ಎಲ್ಲಿ ನೋಡಿದರೂ ನೀರು, ತಲೆ ಮೇಲೆ ಬಿಸಿಲು. ಈಜು ಬಾರದ ನನಗೆ ಹೆದರಿಕೆಯಾಗಬೇಕಿತ್ತು. ಮಗುಚಿಕೊಂಡರೆ ಏನಾಗುತ್ತದೆ ಎಂದು ಯೋಚಿಸಿದೆ. ಏನಾದರೂ ಆಗಲಿ ಎನಿಸಿತು. ಹಾಗೆ ಎನಿಸಿದ್ದಕ್ಕೂ ಬೇಜಾರಾಗಲಿಲ್ಲ.

ಇಳಿತದ ಹೊತ್ತು. ಕಡಲು ನೀರನ್ನು ಒಳಕ್ಕೆ ಎಳೆದುಕೊಂಡಂತೆ ಮರಳಿನ ಬಯಲು ನಿಧಾನವಾಗಿ ಮೇಲೆ ಬಂತು. ಕೊನೆಗೆ ಮೊಣಕಾಲುದ್ದ ನೀರು ಮಾತ್ರ ಉಳಿಯಿತು, ಸ್ನಾನದ ನೀರಿನಷ್ಟು ಬೆಚ್ಚಗೆ. ದೋಣಿಯನ್ನು ಕಟ್ಟಿ ಇಳಿದೆವು. ಅವನು ಕೋಲು ಜೋಡಿಸಿ, ಬಿಳಿ ಪುಕ್ಕ ಸುತ್ತಿದ ಕೊಕ್ಕೆ ಕಟ್ಟಿ, ದಾರ ಎಸೆಯುವುದನ್ನು ತೋರಿಸಿದ. ಹಿಂದಕ್ಕೆ ಹೋದ ದಾರ ಪೂರ್ತಿ ಬಿಚ್ಚಿಕೊಳ್ಳುವ ತನಕ ಕಾಯಬೇಕು, ಆಮೇಲೆ ಮುಂದಕ್ಕೆ. ನನಗೆ ಕಾಯುವುದು ಒಂದು ಬಿಟ್ಟು ಎಲ್ಲ ಬಂತು. ಮೊದಲ ಸಲ ಅವನ ಟೋಪಿ ಕಿತ್ತುಕೊಂಡೆ, ಆಮೇಲೆ ನನ್ನ ಬೆನ್ನಿಗೇ ಸಿಕ್ಕಿಸಿಕೊಂಡೆ. "ಸಾರ್‌ಗೆ ಎಂತಾಯ್ತು ಮೇಡಂ, ಹುಷಾರಿಲ್ವಾ?" ಎಂದು ಕೊಕ್ಕೆ ಬಿಡಿಸುತ್ತಾ ಕೇಳಿದ. "ಹೂಂ" ಎಂದೆ. ಉಳಿದದ್ದನ್ನು ಹೇಳುವುದಕ್ಕೆ ಬೇಸರ.

ಬಿಸಿಲು ನೆತ್ತಿಗೆ ಬಂತು. ಕೈ ಸೋತಿತು. ನೀರು ಮತ್ತೆ ಏರುವ ಹೊತ್ತಾಯಿತು, ಇನ್ನು ಹೊರಡಬೇಕು ಎಂದ. ಅತ್ತೆಯ ಮುಂದೆ ಖಾಲಿ ಡಬ್ಬ ಇಡುವುದನ್ನು ನೆನೆದು ಹಟ ಹಿಡಿದೆ, ಇನ್ನೊಂದೇ ಸಲ ಎಂದೆ. ಕಾಂಡ್ಲಾ ಗಿಡಗಳು ನೀರಿಗೇ ಬೇರು ಇಳಿಬಿಟ್ಟ ಒಂದು ಅಂಚನ್ನು ಅವನು ತೋರಿಸಿದ. ಎಸೆದೆ. ಪುಕ್ಕ ಬೇರಿನ ಪಕ್ಕದಲ್ಲಿ ಬಿತ್ತು. ದಾರವನ್ನು ಸ್ವಲ್ಪ ಎಳೆದೆ, ನಿಲ್ಲಿಸಿದೆ, ಮತ್ತೆ ಎಳೆದೆ. ಕರುವೊಂದು ಹಗ್ಗ ಜಗ್ಗಿದಂತೆ ಆ ಕಡೆಯಿಂದ ಯಾರೋ ಜಗ್ಗಿದರು.

"ಬಿಡಬೇಡಿ! ಬೇರಿನ ಕಡೆ ಹೋಗ್ಲಿಕ್ಕೆ ಬಿಡಬೇಡಿ!" ಎಂದು ಅವನು ಕೂಗಿದ. ದಾರ ಬೆರಳನ್ನು ಕೊಯ್ದು ರಕ್ತ ಬಂತು. ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾ ಎಳೆದೆ, ಒಂದು ಸಲ ಬಿದ್ದು ಉಪ್ಪುನೀರು ಕುಡಿದೆ, ಕೋಲು ಬಿಡಲಿಲ್ಲ. ಕೊನೆಗೆ ಅವನು ಬಲೆಯನ್ನು ಕೆಳಗೆ ಹಿಡಿದು ಮೀನನ್ನು ಎತ್ತಿದ. ಕೆಂಬೇರಿ ಎಂದ. ಇಟ್ಟಿಗೆ ಕೆಂಪು, ಹೊಟ್ಟೆಯ ಕಡೆ ಬಂಗಾರದ ಬಣ್ಣ.

ಆಗ ಹೇಳಿದೆ. ಅವರು ಹುಷಾರಿಲ್ಲದೆ ಇರುವುದಲ್ಲ, ಸತ್ತಿದ್ದಾರೆ. ಇದು ಎಡೆಗೆ ಬೇಕು. ಇಲ್ಲದಿದ್ದರೆ ಅವರ ತಾಯಿ ಸಂಕಟಪಡುತ್ತಾರೆ. ವರದಿ ಒಪ್ಪಿಸಿದ ಹಾಗೆ ಹೇಳಿದೆ. ಅವನು ದೋಣಿಗೆ ಹೋಗಿ ಡಬ್ಬ ತಂದು ಮುಚ್ಚಳ ತೆಗೆದ. "ತಕ್ಕೊಂಡು ಹೋಗಿ ಮೇಡಂ. ನಾನು ನೋಡಲಿಲ್ಲ" ಎಂದ.

ಅವನು ಕೊಕ್ಕೆ ಬಿಡಿಸಿ ಕೊಟ್ಟಿದ್ದ ಮೀನು ನನ್ನ ಕೈಲಿತ್ತು. ಹಾಕಿದ್ದರೆ ಮುಗಿಯುತ್ತಿತ್ತು. ಅದು ಬಾಯಿ ತೆರೆಯಿತು, ಮುಚ್ಚಿತು. ಮತ್ತೆ ತೆರೆಯಿತು. ಶಬ್ದವಿಲ್ಲ. ಗಂಡ ಹೋದ ದಿನ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಹಾಲಿನ ಕ್ಯಾನಿನ ಪಕ್ಕ ಬಿದ್ದಿದ್ದ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಾಗ ಅವರ ಬಾಯಿಯೂ ಹೀಗೇ ತೆರೆದು ಮುಚ್ಚುತ್ತಿತ್ತು. ಏನೋ ಹೇಳುತ್ತಾರೆ ಎಂದು ಕಿವಿ ಇಟ್ಟೆ. ಏನೂ ಹೇಳಲಿಲ್ಲ. ಆಂಬುಲೆನ್ಸು ಬರುವ ತನಕ ನಾನು ಅದನ್ನು ನೋಡುತ್ತಾ ಕೂತಿದ್ದೆ. ಇನ್ನೊಂದು ಸಲ ನೋಡುತ್ತಾ ಕೂರಲು ನನ್ನಿಂದ ಆಗುವುದಿಲ್ಲ. ಬಗ್ಗಿ ಅದನ್ನು ನೀರಿಗೆ ಇಳಿಸಿದೆ. ಅದು ಮಗ್ಗುಲಾಗಿ ತೇಲಿತು. ಬಾಲ ಹಿಡಿದು ಹಿಂದೆ ಮುಂದೆ ಆಡಿಸಿ ಎಂದು ಗೈಡು ಮೆಲ್ಲಗೆ ಹೇಳಿದ. ಆಡಿಸಿದೆ. ಎಷ್ಟೋ ಹೊತ್ತು ಸತ್ತಂತೆಯೇ ಇತ್ತು. ಆಮೇಲೆ ಅಂಗೈಯೊಳಗೆ ಒಮ್ಮೆ ಬಿಗಿಯಾಗಿ, ಕೈ ಒದ್ದು ಹೋಯಿತು.

ಮನಸ್ಸು ಹಗುರವಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಆಗಲಿಲ್ಲ. ಅತ್ತೆಗೆ ಏನು ಹೇಳುವುದು ಎಂಬ ಯೋಚನೆ ಒಂದೇ. ದಡಕ್ಕೆ ಬಂದ ಮೇಲೆ ಗೈಡು, ಪೇಟೆಯಲ್ಲಿ ಇದೇ ಮೀನು ಸಿಗುತ್ತದೆ, ಕೊಡಿಸುತ್ತೇನೆ ಎಂದ. ಬೇಡ ಎಂದೆ. ಕೊಂಡ ಮೀನು ಇಡುವುದಾದರೆ ಶ್ರೀರಂಗಪಟ್ಟಣದಲ್ಲೇ ಅಂಗಡಿಯಿತ್ತು, ಇಷ್ಟು ದೂರ ಬಂದು ಟೋಪಿ ಕಿತ್ತು ಬೆರಳು ಕೊಯ್ದುಕೊಳ್ಳಬೇಕಿರಲಿಲ್ಲ.

ಮನೆಗೆ ಬಂದಾಗ ಅತ್ತೆ ಎಡೆಯ ಕೆಲಸದಲ್ಲಿದ್ದರು. ಡಬ್ಬ ತೆಗೆದರು. ಅರಿಶಿನ, ಉಪ್ಪು ಕೊಟ್ಟು ಕಳಿಸಿದ ಹಾಗೆಯೇ ಇದ್ದವು.

"ಸಿಕ್ಕಿಲ್ವಾ?"

"ಸಿಕ್ಕಿತ್ತು. ಬಿಟ್ಟುಬಿಟ್ಟೆ."

ಬೈಯುತ್ತಾರೆ ಎಂದುಕೊಂಡೆ. ಬೈದರೆ ಬೈಸಿಕೊಳ್ಳಲು ತಯಾರಾಗಿಯೇ ಇದ್ದೆ. ನಿಂತಲ್ಲೇ ಎಲ್ಲ ಹೇಳಿದೆ, ಅದರ ಬಾಯಿಯ ವಿಷಯವನ್ನೂ. ಕೊಟ್ಟಿಗೆಯಲ್ಲಿ ನಾನು ಕಂಡದ್ದನ್ನು ಅವರಿಗೆ ಅಲ್ಲಿಯ ತನಕ ಹೇಳಿರಲಿಲ್ಲ. ಅತ್ತೆ ಒಲೆಯ ಮುಂದಿನ ಮಣೆಯ ಮೇಲೆ ಕೂತರು. ಒಲೆಯ ಸೌದೆಯನ್ನು ಸರಿಮಾಡಿದರು. ಆಮೇಲೆ ತಲೆ ಎತ್ತದೆ ಕೇಳಿದರು:

"ಎಷ್ಟುದ್ದ ಇತ್ತವ್ವ?"

ಎರಡೂ ಕೈ ಚಾಚಿ ತೋರಿಸಿದೆ. ಇದ್ದದ್ದಕ್ಕಿಂತ ಒಂದು ಗೇಣು ಜಾಸ್ತಿಯೇ ತೋರಿಸಿದೆ ಎಂದು ಕಾಣುತ್ತದೆ. ಅವರು ನನ್ನ ಕೈಗಳ ನಡುವನ್ನು ನೋಡಿದರು.

"ಅಷ್ಟ್ ಜಾಗ ಬುಡು, ಎಲೆ ಮ್ಯಾಲೆ."

ನಡುಮನೆಯಲ್ಲಿ ಎಲೆ ಹಾಸಿ ನಾನೇ ಬಡಿಸಿದೆ. ಮುದ್ದೆ ಇಟ್ಟೆ, ಬಾಡಿನ ಸಾರು ಬಿಟ್ಟೆ, ವಡೆ, ಕಜ್ಜಾಯ, ಅನ್ನ, ಮೊಸರು. ಎಲ್ಲವನ್ನೂ ಅಂಚಿಗೆ ಒತ್ತರಿಸಿ ಬಡಿಸಿದ ಮೇಲೆ ನಡುವೆ ಆ ಉದ್ದಕ್ಕೆ ಹಸಿರು ಎಲೆ ಖಾಲಿ ಉಳಿಯಿತು. ಸೌಟು ಹಿಡಿದ ಕೈ ಅದರ ಮೇಲೆ ನಿಂತಿತು. ಅವರು ಸತ್ತದ್ದು ನನಗೆ ಮೊದಲೇ ಗೊತ್ತಿತ್ತು. ಅವರು ಇಲ್ಲ ಎನ್ನುವುದು ಆಗ ಗೊತ್ತಾಯಿತು.

ಸತ್ತವರು ಬಂದು ಉಣ್ಣುವಾಗ ಬದುಕಿರುವವರು ನೋಡಬಾರದು ಎನ್ನುತ್ತಾರೆ. ಧೂಪ ಹಾಕಿ ಬಾಗಿಲು ಎಳೆದುಕೊಂಡು ಇಬ್ಬರೂ ಜಗಲಿಯ ಮೇಲೆ ಕೂತೆವು. ಅಲ್ಲಿ ನನಗೆ ಅಳು ಬಂತು. ಬೀದಿಯವರೆಲ್ಲ ತಿರುಗಿ ನೋಡುವ ಹಾಗೆ, ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲದ ಹಾಗೆ ಅತ್ತುಬಿಟ್ಟೆ. ಅತ್ತೆ ಸಮಾಧಾನ ಮಾಡಲಿಲ್ಲ. ನೆರಳು ಸರಿದು ಅಂಗಳ ದಾಟಿತು. ಬಾಗಿಲು ತೆಗೆಯುವ ಹೊತ್ತಾಯಿತು. ಅವರು ಎದ್ದು ಚಿಲಕಕ್ಕೆ ಕೈ ಹಾಕಿ, ನನ್ನ ಕಡೆ ನೋಡಿ, ಮತ್ತೆ ಬಂದು ಪಕ್ಕದಲ್ಲಿ ಕೂತರು.

"ಇನ್ನೊಸಿ ಒತ್ತು ಇರ್ಲಿ" ಎಂದರು. "ಉಣ್ತಾವ್ನೆ."